ಕೈ ಜೋಡಿಸಿದಾಗ ಬರುವ ಸದ್ದು

ನನ್ನ ತಮ್ಮ ಪ್ರಾರ್ಥನೆಗೆ ಕೈ ಜೋಡಿಸಿದರೆ ಸಭೆಯೆಲ್ಲ ಗುಂಯ್ ಎನ್ನುತ್ತಿತ್ತು. ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಅವನು ಸಭೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದ. ಬೆರಳು ತಂತಿಯ ಮೇಲಿರುವ ತನಕ ಆ ಗಿಟಾರ್ ಬಹಳ ಸಾಧು. ಬೆರಳು ತೆಗೆದನೋ, ಪಕ್ಕದಲ್ಲಿದ್ದ ಆಂಪ್ಲಿಫೈಯರ್ ಡಬ್ಬಿಯಿಂದ ದಪ್ಪನೆಯ ಒಂದು ಸದ್ದು ಎದ್ದು ಗೋಡೆಯಿಂದ ಗೋಡೆಗೆ ಹಬ್ಬುತ್ತಿತ್ತು. ಮತ್ತೆ ಬೆರಳಿಟ್ಟರೆ ಸದ್ದು ಅಡಗುತ್ತಿತ್ತು. ಆ ಸದ್ದಿಗೆ ನೆಲಕ್ಕೆ ಇಳಿಯಲು ಬೇರೆ ದಾರಿ ಇರಲಿಲ್ಲ. ಅವನ ಮೈಯೇ ದಾರಿಯಾಗಿತ್ತು.

ನಮ್ಮ ಸಭೆ ಎಂದರೆ ಗೋಪುರವಿರುವ ದೊಡ್ಡ ಚರ್ಚಲ್ಲ. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ, ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿದ್ದ ಬಾಡಿಗೆ ಹಾಲ್. ಯಾದಗಿರಿ, ರಾಯಚೂರು, ಬೀದರಿನ ಕಡೆಯಿಂದ ಬಂದ ಕನ್ನಡದ ಕ್ರೈಸ್ತರು ಭಾನುವಾರ ಅಲ್ಲಿ ಸೇರುತ್ತಿದ್ದರು. ಹೈದರಾಬಾದಿನಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅವಕ್ಕೆ ಸಿಮೆಂಟು ಹೊರುವವರೂ ನಮ್ಮವರೇ, ಕಟ್ಟಿ ಮುಗಿದ ಮೇಲೆ ಒಳಗೆ ಕಂಪ್ಯೂಟರಿನ ಮುಂದೆ ಕೂರುವ ಒಬ್ಬಿಬ್ಬರೂ ನಮ್ಮವರೇ. ವಾರವೆಲ್ಲ ತೆಲುಗು, ಹಿಂದಿಯಲ್ಲಿ ದಿನ ದೂಡಿದವರು ಭಾನುವಾರ ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು, ಬರಿಗಾಲಲ್ಲಿ ಹತ್ತಿ ಬಂದು, ಗಂಟಲು ಬಿಚ್ಚಿ ಕನ್ನಡದಲ್ಲಿ ಹಾಡುತ್ತಿದ್ದರು. ಹಾಡಿನ ನಂತರ ಮೌನ ಪ್ರಾರ್ಥನೆ. ಅದರಲ್ಲಿ ನಮ್ಮ ಸಭೆ ಬಹಳ ಕಟ್ಟುನಿಟ್ಟು. ಯಾರೂ ತುಟಿ ಅಲ್ಲಾಡಿಸಬಾರದು, ಎಲ್ಲರೂ ಕಣ್ಣು ಮುಚ್ಚಬೇಕು, ಎರಡೂ ಕೈ ಜೋಡಿಸಬೇಕು.

ನನ್ನ ತಮ್ಮ ಕೈ ಜೋಡಿಸಿದರೆ ಸದ್ದು. ಜೋಡಿಸದಿದ್ದರೆ ಹಿರಿಯರ ಸಿಟ್ಟು.

ಹಿರಿಯರೆಂದರೆ ಒಬ್ಬರೇ, ಸಭೆಯನ್ನು ನಡೆಸುತ್ತಿದ್ದವರು, ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಕೆಟ್ಟ ಮನುಷ್ಯರಲ್ಲ. ಅಪ್ಪ ತೀರಿಕೊಂಡಾಗ ಮಣ್ಣಿನ ವ್ಯವಸ್ಥೆಯನ್ನೆಲ್ಲ ಅವರೇ ನಿಂತು ಮಾಡಿಸಿದ್ದರು. ಆದರೆ ಮೌನ ಎಂದರೆ ಅವರಿಗೆ ಮೌನವೇ ಆಗಬೇಕು. ಮಗು ಅತ್ತರೆ ತಾಯಿಯನ್ನು ಮೆಟ್ಟಿಲಿಗೆ ಕಳಿಸುವವರು. ಒಂದು ಭಾನುವಾರ ನನ್ನ ತಮ್ಮ ಒಂದೇ ಕೈ ಎದೆಗಿಟ್ಟು, ಇನ್ನೊಂದನ್ನು ತಂತಿಯ ಮೇಲೆ ಇಟ್ಟುಕೊಂಡು ಪ್ರಾರ್ಥಿಸಿದ್ದನ್ನು ನೋಡಿ ಕರೆದು ನಿಲ್ಲಿಸಿದರು.

"ದೇವರ ಮುಂದ ಅರ್ಧ ಕೈ ಏನಪಾ? ಇನ್ನರ್ಧ ಯಾರಿಗೆ ಇಟ್ಟೀದಿ?"

"ಕೈ ತಗದ್ರ ಒದರ್ತೈತಿ ಕಾಕಾ," ಎಂದ ತಮ್ಮ.

"ಹಂಗಾದ್ರ ಆ ಡಬ್ಬಿ ಇಲ್ಲಿ ಬ್ಯಾಡ. ಶುಭ ಶುಕ್ರವಾರದ ತನಕ ನೋಡ್ತೀನಿ. ಅಷ್ಟರಾಗ ಅದು ಸುಮ್ಮಕಾಗಬೇಕು, ಇಲ್ಲಾಂದ್ರ ಹಾರ್ಮೋನಿಯಂ ಸಾಕು ನಮಗ."

ನನಗೆ ಮೈಯೆಲ್ಲ ಉರಿಯಿತು. ಕೆಳಗಿನ ಗಿರಣಿ ಭಾನುವಾರವೂ ಗರಗರ ತಿರುಗುತ್ತಿತ್ತು. ಟ್ಯೂಬ್‌ಲೈಟಿನ ಚೋಕುಗಳು ಜೀರುಂಡೆಯ ಹಾಗೆ ಕಿರುಗುಟ್ಟುತ್ತಿದ್ದವು. ಅವೆಲ್ಲ ಹಿರಿಯರ ಕಿವಿಗೆ ಬೀಳುತ್ತಿರಲಿಲ್ಲ, ನನ್ನ ತಮ್ಮನದು ಮಾತ್ರ ಬೀಳುತ್ತಿತ್ತು. ಹಾಗಂತ ಹೇಳಲು ಬಾಯಿ ತೆರೆದೆ, ಅವ್ವ ನನ್ನ ಸೆರಗು ಜಗ್ಗಿ ಕೂರಿಸಿದಳು.

ಅವನಿಗೆ ಆ ಗಿಟಾರ್ ಏನು ಎಂಬುದು ನನಗೆ ಗೊತ್ತಿತ್ತು. ತಮ್ಮನದು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೆಲಸ. ಪರದೇಶದ ಡಾಕ್ಟರುಗಳು ರೋಗಿಗಳ ಬಗ್ಗೆ ಗೊಣಗಿದ್ದನ್ನು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೇಳಿ ಟೈಪು ಮಾಡುವುದು. ಯಾರೋ ಎಲ್ಲೋ ಕೆಮ್ಮಿದ್ದು, ಯಾರದೋ ಪಿತ್ತಕೋಶ ಊದಿದ್ದು, ದಿನವಿಡೀ ಇದೇ. ಅವನು ಕೇಳುವವನು, ಅವನನ್ನು ಕೇಳುವವರಿಲ್ಲ. ಮೊದಲೇ ಮಾತು ಕಮ್ಮಿ. ಅಪ್ಪ ಹೋದ ಮೇಲೆ ಊಟಕ್ಕೆ ಕರೆದರೂ ತಲೆಯಾಡಿಸಿಯೇ ಮುಗಿಸುತ್ತಿದ್ದ. ಭಾನುವಾರ ಗಿಟಾರ್ ಹಿಡಿದಾಗ ಮಾತ್ರ ಅವನ ಮುಖದಲ್ಲಿ ಜೀವಕಳೆ ಬರುತ್ತಿತ್ತು. ಅದನ್ನೂ ಕಸಿದುಕೊಂಡರೆ ಈ ಹುಡುಗ ಪೂರ್ತಿ ಮೂಕನಾಗುತ್ತಾನೆ ಎಂದು ನನಗೆ ನಿಜವಾಗಿ ಭಯವಾಗಿತ್ತು.

ಅವ್ವನೊಬ್ಬಳಿಗೆ ಮಾತ್ರ ಆ ಸದ್ದಿನ ಮೇಲೆ ಬೇಸರವಿರಲಿಲ್ಲ. "ಕಣ್ಣು ಮುಚ್ಚಿದ್ರೂ ನನಗ ತಿಳೀತೈತಿ, ಈಗ ನನ್ನ ಮಗ ಕೈ ಮುಗದಾನ ಅಂತ," ಎನ್ನುತ್ತಿದ್ದಳು. ನಾವಿಬ್ಬರೂ ನಗುತ್ತಿದ್ದೆವು.

ನಾನು ಆಗ ಬಾಲಾನಗರದ ಹತ್ತಿರ ಯುಪಿಎಸ್ ತಯಾರಿಸುವ ಸಣ್ಣ ಕಾರ್ಖಾನೆಯಲ್ಲಿದ್ದೆ. ಐಟಿಐ ಮುಗಿಸಿದ ಹೆಂಗಸರನ್ನು ಸಾಲಾಗಿ ಕೂರಿಸಿ ಬೋರ್ಡಿಗೆ ಬೆಸುಗೆ ಹಾಕಿಸುತ್ತಿದ್ದರು. ಮಣಿಕಟ್ಟಿಗೊಂದು ಪಟ್ಟಿ, ಪಟ್ಟಿಯಿಂದ ಮೇಜಿಗೆ ಒಂದು ತಂತಿ, ಅಲ್ಲಿಂದ ನೆಲಕ್ಕೆ. ನಮ್ಮ ಮೈಯಲ್ಲಿನ ವಿದ್ಯುತ್ತು ಆ ಸೂಕ್ಷ್ಮ ಬಿಡಿಭಾಗಗಳನ್ನು ಸುಟ್ಟುಬಿಡುತ್ತದಂತೆ, ಅದಕ್ಕೆ ನಮ್ಮನ್ನು ಕಟ್ಟಿಹಾಕುವುದು. ಆ ಭಾಗಗಳು ನಮ್ಮನ್ನು ಸುಡದಂತೆ ಏನು ಮಾಡುತ್ತೀರಿ ಎಂದು ಸೂಪರ್‌ವೈಸರನ್ನು ಕೇಳಿ ಬೈಸಿಕೊಂಡಿದ್ದೆ. ಬೆಸುಗೆ, ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗು, ಇವೆರಡು ನನಗೆ ಅನ್ನ ಹಾಕುತ್ತಿದ್ದ ವಿದ್ಯೆ. ಆದ್ದರಿಂದ ಗಿಟಾರಿನ ರೋಗವನ್ನು ನಾನೇ ನೋಡುತ್ತೇನೆ ಎಂದೆ.

ಕೂಕಟ್‌ಪಲ್ಲಿಯ ನಮ್ಮ ಬಾಡಿಗೆ ಮನೆಯ ನೆಲದ ಮೇಲೆ ಹಳೇ ಚಾದರ ಹಾಸಿ ಗಿಟಾರಿನ ಹೊಟ್ಟೆ ಬಿಚ್ಚಿದೆವು. ಮುಂದಿನ ಪ್ಲಾಸ್ಟಿಕ್ ಮುಚ್ಚಳದ ಸ್ಕ್ರೂ ತೆಗೆದರೆ ಒಳಗೆ ಮರದಲ್ಲಿ ಕೊರೆದ ಗೂಡು. ಅಲ್ಲಿ ಪಿಕಪ್ ಎನ್ನುವ ತಾಮ್ರದ ಸುರುಳಿಗಳು. ತಂತಿ ಕಂಪಿಸಿದ್ದನ್ನು ಹಿಡಿಯುವುದು ಅವುಗಳ ಕೆಲಸ. ತೊಂದರೆ ಏನೆಂದರೆ ಅವಕ್ಕೆ ವಿವೇಚನೆ ಇಲ್ಲ. ತಂತಿಯ ನಾದವನ್ನು ಹಿಡಿದ ಹಾಗೆಯೇ ಟ್ಯೂಬ್‌ಲೈಟಿನ ಕಿರುಗುಟ್ಟುವಿಕೆಯನ್ನೂ ಗಿರಣಿಯ ಮೋಟಾರನ್ನೂ ಹಿಡಿದು ಡಬ್ಬಿಗೆ ಕಳಿಸುತ್ತವೆ. ಗೂಡಿನ ಒಳಗೋಡೆಗೆ ಪೂರ್ತಿಯಾಗಿ ಲೋಹ ಹೊದಿಸಿ, ಆ ಲೋಹವನ್ನು ಅರ್ತಿಗೆ ಕೂಡಿಸಿದರೆ ಹೊರಗಿನ ಗದ್ದಲ ಲೋಹಕ್ಕೆ ಬಡಿದು ನೆಲಕ್ಕೆ ಹೋಗುತ್ತದೆ, ಒಳಗೆ ಬರುವುದಿಲ್ಲ.

ಮೊದಲು ಅವ್ವನ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆ ಅಂಟಿಸಿದೆ. ಅದಕ್ಕೆ ಬೆಸುಗೆ ಕೂರಲೇ ಇಲ್ಲ, ಸೀಸ ಗುಂಡಗಾಗಿ ಉರುಳಿ ಚಾದರ ಸುಟ್ಟಿತು. ಆಮೇಲೆ ನನ್ನ ತಮ್ಮ ಕೋಠಿಯ ಅಂಗಡಿಗಳಲ್ಲಿ ಅಲೆದು ತಾಮ್ರದ ಟೇಪು ತಂದ. ತುಂಡು ತುಂಡಾಗಿ ಕತ್ತರಿಸಿ, ಉಗುರಿನಿಂದ ಮೂಲೆಗಳಿಗೆ ಒತ್ತಿ, ತುಂಡು ತುಂಡಿಗೂ ಬೆಸುಗೆಯ ಚುಕ್ಕೆ ಇಟ್ಟೆವು. ಸಿಕ್ಕಸಿಕ್ಕ ಕಡೆ ಕೂಡಿಸಿದ್ದ ಅರ್ತಿನ ತಂತಿಗಳನ್ನೆಲ್ಲ ಬಿಚ್ಚಿ ಒಂದೇ ಜಾಗಕ್ಕೆ ತಂದು ಕಟ್ಟಿದೆ. ತಂತಿಗಳು ನಿಂತಿರುವ ಲೋಹದ ಬ್ರಿಡ್ಜನ್ನು ಅರ್ತಿಗೆ ಸೇರಿಸುವ ಎಳೆ ಸಡಿಲವಾಗಿತ್ತು, ಅದನ್ನು ಗಟ್ಟಿಮಾಡಿದೆ. ತಮ್ಮ ಟಾರ್ಚು ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಬೆಸುಗೆಯ ಹೊಗೆಗೆ ಕೆಮ್ಮುತ್ತ ಅವನು ಅಂದು ಆಡಿದಷ್ಟು ಮಾತು ಒಂದು ವರ್ಷದಲ್ಲಿ ಆಡಿರಲಿಲ್ಲ. ಒಬ್ಬ ಡಾಕ್ಟರು ರೋಗಿಯ ವಿಷಯ ಹೇಳುತ್ತ ಹೇಳುತ್ತ ನಿದ್ದೆ ಹೋಗಿ ಗೊರಕೆ ಹೊಡೆದದ್ದನ್ನು, ಇವನು ಅದನ್ನು ಏನೆಂದು ಟೈಪು ಮಾಡುವುದೆಂದು ಪೇಚಾಡಿದ್ದನ್ನು ಹೇಳಿ ನಗಿಸಿದ. ನನ್ನ ಜೀವನದ ಒಳ್ಳೆಯ ದಿನಗಳನ್ನು ನೆನೆದರೆ ಆ ಸುಟ್ಟ ಚಾದರ ಕಣ್ಣಿಗೆ ಬರುತ್ತದೆ.

ಮುಚ್ಚಿ, ಪ್ಲಗ್ ಹಾಕಿ, ದನಿಯನ್ನು ಪೂರ್ತಿ ಏರಿಸಿದೆವು. ತಮ್ಮ ಎರಡೂ ಕೈ ಮೇಲೆತ್ತಿದ. ಚಕಾರವಿಲ್ಲ. ಒಲೆಯ ಮೇಲಿನ ಸಾರು ಕುದಿಯುವುದು ಕೇಳಿಸುತ್ತಿತ್ತು.

ಆದರೆ ಹಾಲಿಗೆ ಒಯ್ದರೆ ಮತ್ತೆ ಗುಂಯ್. ಮೊದಲಿನಷ್ಟಲ್ಲ, ಆದರೂ ಇತ್ತು. ಕಾರಣ ನನಗೆ ಬೇಗನೆ ಗೊತ್ತಾಯಿತು. ನಮ್ಮದು ಹಳೇ ಕಾಲದ, ಮಹಡಿಯಿಲ್ಲದ ಮನೆ. ಹಿತ್ತಲಿನ ನಲ್ಲಿಯ ಪಕ್ಕದಲ್ಲಿ ಇದ್ದಿಲು ಉಪ್ಪು ತುಂಬಿದ ಅರ್ತಿನ ಗುಂಡಿ ಇತ್ತು. ಬೇಸಿಗೆಯಲ್ಲಿ ತುಳಸಿಗೆ ಹಾಕುವವರ ಹಾಗೆ ಅವ್ವ ಅದಕ್ಕೆ ನೀರು ಹಾಕುತ್ತಿದ್ದಳು. ಹಾಲಿನಲ್ಲಿ ಸಾಕೆಟ್ಟಿಗೆ ಮೂರು ತೂತು ಇದ್ದವು, ಅರ್ತಿನದಾದ ಮೂರನೆಯದರ ಹಿಂದೆ ಏನೂ ಇರಲಿಲ್ಲ. ಡಬ್ಬಿಯ ಲೋಹ ಮುಟ್ಟಿದರೆ ಬೆರಳಿಗೆ ಚುಮುಚುಮು ಎನ್ನುತ್ತಿತ್ತು. ಅಂದರೆ ನಾವು ಗಿಟಾರಿನಿಂದ ಓಡಿಸಿದ ಗದ್ದಲಕ್ಕೆ ಅಲ್ಲಿ ಹೋಗಲು ನೆಲವೇ ಇಲ್ಲ.

ಸಭೆಯ ಎಲೆಕ್ಟ್ರಿಷಿಯನ್ ನಮ್ಮ ಕಡೆಯವನೇ, ತಮ್ಮನ ಗೆಳೆಯ. ಮಿಯಾಪುರದಲ್ಲಿ ಏಳುತ್ತಿದ್ದ ಫ್ಲ್ಯಾಟುಗಳಿಗೆ ವೈರಿಂಗ್ ಮಾಡುತ್ತಿದ್ದ. ಗುಂಡಿ ತೋಡೋಣ ಎಂದು ಅವನೂ ತಮ್ಮನೂ ಸಭೆಯ ಇನ್ನು ಕೆಲವು ಗಂಡಸರೂ ಹಾರೆ ಹಿಡಿದು ಕಟ್ಟಡದ ಹಿಂದೆ ಇಳಿದರು, ನಾನೂ ಹೋಗಿ ನಿಂತೆ. ಮೊಣಕಾಲುದ್ದ ಹೋಗುವಷ್ಟರಲ್ಲಿ ಹಾರೆ ಠಣ್ ಎಂದಿತು. ಹೈದರಾಬಾದಿನ ಬಂಡೆ. ಜಾಗ ಬದಲಿಸಿ ತೋಡಿದರೂ ಬಂಡೆಯೇ. ಅಷ್ಟರಲ್ಲಿ ಕಟ್ಟಡದ ಮಾಲೀಕರು ಲುಂಗಿ ಎತ್ತಿಕಟ್ಟಿಕೊಂಡು ಬಂದರು. "ವದ್ದಮ್ಮಾ, ವದ್ದು! ಪುನಾದಿ ಕದುಲುತುಂದಿ," ಎಂದು ನನ್ನ ಮೇಲೆಯೇ ಹರಿಹಾಯ್ದರು. ಬೇಡವಂತೆ, ಅಡಿಪಾಯ ಅಲುಗುತ್ತದಂತೆ. ಒಂದು ಬಕೆಟ್ ಅಗಲದ ಗುಂಡಿಗೆ ಅಲುಗುವ ಅಡಿಪಾಯದ ಮೇಲೆ ನಮ್ಮನ್ನೆಲ್ಲ ಕೂರಿಸಿದ್ದೀರಾ ಎಂದು ಕೇಳಿದೆ. ಗುಂಡಿ ಮುಚ್ಚಿಸಿದರು.

ನನ್ನ ತಮ್ಮ ಆ ಸದ್ದಿನೊಡನೆ ಬದುಕಲು ಕಲಿಯತೊಡಗಿದ. ಕೈ ಜೋಡಿಸುವ ಮುನ್ನ ಡಬ್ಬಿಯ ದನಿ ಇಳಿಸುವುದನ್ನು ರೂಢಿಸಿಕೊಂಡ, ಆದರೂ ಸಣ್ಣಗೆ ಗುಂಯ್ ಉಳಿಯುತ್ತಿತ್ತು. ಅದಕ್ಕಿಂತ ದೊಡ್ಡ ಕಾಟ ಕರೆಂಟು ಹೋಗುವುದು. ಆ ದಿನಗಳಲ್ಲಿ ಬೇಸಿಗೆ ಬಂತೆಂದರೆ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳುವಂತಿರಲಿಲ್ಲ. ಪ್ರಾರ್ಥನೆಯ ನಡುವೆ ಅದು ಮರಳಿ ಬಂದರೆ ಡಬ್ಬಿ ಒಮ್ಮೆಲೇ ಗದರಿದ ಹಾಗೆ ಗರ್ ಎನ್ನುತ್ತಿತ್ತು, ಜನ ಬೆಚ್ಚಿಬೀಳುತ್ತಿದ್ದರು. ಹಾಗಾಗಿ ಕರೆಂಟು ಹೋದ ತಕ್ಷಣ ಅವನು ಅಂಗೈಯನ್ನು ಆರೂ ತಂತಿಗಳ ಮೇಲೆ ಒತ್ತಿ ಇಟ್ಟುಕೊಳ್ಳುತ್ತಿದ್ದ, ಬರುವ ತನಕ ತೆಗೆಯುತ್ತಿರಲಿಲ್ಲ. ಕಣ್ಣು ಮುಚ್ಚಿಯೇ ಇರುತ್ತಿತ್ತು, ಕೈ ತಾನಾಗಿ ಹೋಗುತ್ತಿತ್ತು.

ಶುಭ ಶುಕ್ರವಾರದ ಬೆಳಿಗ್ಗೆ ನಾನು ಹಾಲಿಗೆ ಹೋದಾಗ ಎಲೆಕ್ಟ್ರಿಷಿಯನ್ ಮೆಟ್ಟಿಲಲ್ಲೇ ಎದುರಾದ. ಮುಖ ಅರಳಿತ್ತು.

"ಅಕ್ಕಾ, ಅರ್ತ್ ಸಿಕ್ತು. ಬೋರ್ಡ್‌ನಾಗೇ ಇತ್ತು."

ಹಳೆಯ ತಂತಿ ಯಾವುದೋ ಒಳಗೆ ಕಳಚಿ ಬಿದ್ದಿರಬೇಕು, ಕೂಡಿಸಿದ್ದಾನೆ ಎಂದುಕೊಂಡೆ. ಆದರೂ ಸುಮ್ಮನೆ ನಂಬಲಿಲ್ಲ. ಟೆಸ್ಟ್ ಲ್ಯಾಂಪು ತರಿಸಿದೆ. ಅದು ಹೋಲ್ಡರಿಗೆ ಹಾಕಿದ ಬಲ್ಬು ಮತ್ತು ಎರಡು ತಂತಿ. ಒಂದು ತಂತಿಯನ್ನು ಕರೆಂಟು ಬರುವ ತೂತಿಗೆ, ಇನ್ನೊಂದನ್ನು ಅರ್ತಿನ ತೂತಿಗೆ ಇಟ್ಟರೆ, ಅರ್ತು ಸರಿಯಿದ್ದರೆ ಬಲ್ಬು ಉರಿಯುತ್ತದೆ. ಉರಿಯಿತು. ಪೂರ್ತಿ ಬೆಳಕಿನಲ್ಲಿ ಉರಿಯಿತು. ನಮ್ಮ ಕಾರ್ಖಾನೆಯಲ್ಲೂ ಹೀಗೆಯೇ ನೋಡುತ್ತಿದ್ದರು, ನನಗೆ ಕಲಿಸಿದವರೂ ಹೀಗೆಯೇ ಕಲಿಸಿದ್ದರು. ಶಭಾಷ್ ಎಂದು ಅವನ ಬೆನ್ನು ತಟ್ಟಿದೆ.

ಆ ದಿನದ ಆರಾಧನೆ ದೀರ್ಘವಾದದ್ದು. ನಡುನಡುವೆ ಮೌನ. ಮೊದಲ ಮೌನದಲ್ಲಿ ನಾನು ಪದ್ಧತಿ ಮುರಿದು ಅರೆಗಣ್ಣು ತೆರೆದು ನೋಡಿದೆ. ತಮ್ಮ ತಂತಿಯಿಂದ ಒಂದೊಂದೇ ಬೆರಳು ಎತ್ತಿದ, ಬಿಸಿ ಪಾತ್ರೆ ಬಿಡುವವನ ಹಾಗೆ. ಸದ್ದಿಲ್ಲ. ಎರಡೂ ಕೈ ಜೋಡಿಸಿ ಹಣೆಗೆ ಒತ್ತಿಕೊಂಡ. ಅವನ ಭುಜಗಳು ಇಳಿದವು. ಅವನು ಅಳುತ್ತಿದ್ದ ಎಂದೇ ನನಗೆ ಈಗಲೂ ಅನಿಸುತ್ತದೆ. ಆರಾಧನೆ ಮುಗಿದ ಮೇಲೆ ಹಿರಿಯರು ಅವನ ತಲೆಯ ಮೇಲೆ ಕೈಯಿಟ್ಟು, "ಇನ್ನ ಈ ಡಬ್ಬಿ ಇಲ್ಲೇ ಇರ್ಲಿಪಾ," ಎಂದರು. ಅವ್ವ ಮಾತ್ರ ಮೆಟ್ಟಿಲು ಇಳಿಯುತ್ತ, "ಇವತ್ತ ನೀ ಪ್ರಾರ್ಥನಾ ಮಾಡಿದ್ದು ನನಗ ತಿಳೀಲೇ ಇಲ್ಲ," ಎಂದು ಅವನನ್ನು ಕಾಡಿಸಿದಳು.

ಈಸ್ಟರ್ ಕಳೆದು ಬಿಸಿಲು ನೆತ್ತಿ ಸುಡತೊಡಗಿತ್ತು. ಆ ಭಾನುವಾರ ಹಾಲು ತಂಪಾಗಲಿ ಎಂದು ಹೆಂಗಸರು ನೆಲಕ್ಕೆ ನೀರು ಚೆಲ್ಲಿ ಒರೆಸಿದ್ದೆವು. ಕಾಲಿಗೆ ಹಿತವಾಗಿತ್ತು. ಹಾಡು ಮುಗಿದು ಮೌನ ಪ್ರಾರ್ಥನೆ ಶುರುವಾಯಿತು. ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಫ್ಯಾನುಗಳ ಸದ್ದು ನಿಧಾನವಾಗಿ ಇಳಿದು ನಿಂತಿತು. ಟ್ಯೂಬ್‌ಲೈಟಿನ ಕಿರಿಕಿರಿಯೂ ನಿಂತಿತು. ಹಿರಿಯರು ಮೆಲ್ಲಗೆ ಹೇಳಿದರು:

"ಕರೆಂಟ್ ಹೋತು. ಯಾರೂ ಕಣ್ಣು ತೆರೀಬ್ಯಾಡ್ರಿ. ಪ್ರಾರ್ಥನಾ ನಡೀಲಿ."

ಯಾರೂ ತೆರೆಯಲಿಲ್ಲ. ಅಷ್ಟೊಂದು ಮೌನ ಆ ಹಾಲಿನಲ್ಲಿ ನಾನು ಎಂದೂ ಕೇಳಿರಲಿಲ್ಲ. ಬೆವರು ಬೆನ್ನಿನ ಮೇಲೆ ಇಳಿಯುವುದು ತಿಳಿಯುತ್ತಿತ್ತು. ಆ ಮೌನದಲ್ಲಿಯೇ ಕೆಳಗಿನಿಂದ ಒಂದು ಸದ್ದು ಬರುತ್ತಿತ್ತು. ಯಾವಾಗಲೂ ಬರುವ ಸದ್ದು, ಅದಕ್ಕೇ ತಕ್ಷಣ ತಲೆಗೆ ಹೋಗಲಿಲ್ಲ. ಗಿರಣಿ ತಿರುಗುತ್ತಿತ್ತು.

ಕರೆಂಟು ಹೋಗಿದ್ದರೆ ಗಿರಣಿ ಹೇಗೆ ತಿರುಗುತ್ತದೆ?

ಕಣ್ಣು ತೆರೆದೆ. ಎಲ್ಲರೂ ತಲೆ ಬಾಗಿಸಿ ಕೈ ಮುಗಿದು ನಿಂತಿದ್ದರು. ತಮ್ಮ ಗೋಡೆಗೆ ಒರಗಿದ್ದ. ಅಂಗೈ ತಂತಿಗಳ ಮೇಲಿತ್ತು. ಅವನ ಬಾಯಿ ತೆರೆದಿತ್ತು, ದನಿ ಇರಲಿಲ್ಲ, ಕತ್ತಿನ ನರಗಳು ಹಗ್ಗದ ಹಾಗೆ ಬಿಗಿದಿದ್ದವು. ಅವನನ್ನು ಮುಟ್ಟಬಾರದು ಎಂಬಷ್ಟು ಬುದ್ಧಿ ಹೇಗೋ ಉಳಿದಿತ್ತು. ಜನರನ್ನು ತಳ್ಳಿಕೊಂಡು ಹೋಗಿ ಡಬ್ಬಿಯ ವೈರನ್ನು ಸಾಕೆಟ್ಟಿನಿಂದ ಕಿತ್ತೆ. ಅವನು ಗಿಟಾರಿನ ಸಮೇತ ಒದ್ದೆ ನೆಲದ ಮೇಲೆ ಬಿದ್ದ. ಆ ಸದ್ದಿಗೆ ಎಲ್ಲರೂ ಕಣ್ಣು ತೆರೆದರು.

ಎದೆ ಒತ್ತಿದೆವು, ಬಾಯಿಗೆ ಗಾಳಿ ಊದಿದೆವು. ಆಟೋದಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರು ಕಣ್ಣಿನ ರೆಪ್ಪೆ ಎತ್ತಿ ನೋಡಿ ಇಲ್ಲ ಎಂದು ತಲೆಯಾಡಿಸಿದರು.

ಮರುದಿನ ಹೋಗಿ ಆ ಸಾಕೆಟ್ಟು ಬಿಚ್ಚಿದೆ. ಒಳಗೆ ಬೆರಳುದ್ದದ ಒಂದು ವೈರು ಇತ್ತು. ನ್ಯೂಟ್ರಲಿನಿಂದ ಅರ್ತಿನ ಪಿನ್ನಿಗೆ. ನ್ಯೂಟ್ರಲ್ ಎಂದರೆ ಕರೆಂಟು ತನ್ನ ಕೆಲಸ ಮುಗಿಸಿ ಮರಳಿ ಹೋಗುವ ತಂತಿ. ಅದನ್ನು ಅರ್ತಿಗೆ ಕೂಡಿಸಿದರೆ ಎಲ್ಲವೂ ಸರಿಯಾಗಿದೆ ಎಂದೇ ತೋರುತ್ತದೆ. ಬಲ್ಬೂ ಉರಿಯುತ್ತದೆ, ಸದ್ದೂ ಅಡಗುತ್ತದೆ. ಆದರೆ ಹಿಂದೆ ಎಲ್ಲಾದರೂ ನ್ಯೂಟ್ರಲ್ ಕಡಿದರೆ, ಫ್ಯಾನು, ದೀಪಗಳನ್ನು ಹಾದು ಬಂದ ಕರೆಂಟಿಗೆ ಮರಳುವ ದಾರಿ ಇರುವುದಿಲ್ಲ. ಅದು ಆ ಬೆರಳುದ್ದದ ವೈರಿನಿಂದ ಡಬ್ಬಿಗೆ, ಡಬ್ಬಿಯಿಂದ ಗಿಟಾರಿಗೆ, ನಾವು ಅಷ್ಟು ಮುತುವರ್ಜಿಯಿಂದ ಹೊದಿಸಿದ ತಾಮ್ರಕ್ಕೆ, ತಂತಿಗೆ ಬರುತ್ತದೆ. ನಮ್ಮ ಹಾಲಿನ ಮೀಟರಿನ ಹತ್ತಿರ ನ್ಯೂಟ್ರಲ್ ಸುಟ್ಟು ಕಡಿದಿತ್ತು. ಕರೆಂಟು ಹೋಗಿರಲಿಲ್ಲ. ಹೋಗಲು ದಾರಿ ಹುಡುಕುತ್ತಿತ್ತು, ನನ್ನ ತಮ್ಮ ಕೈಯಿಟ್ಟ.

ಎಲೆಕ್ಟ್ರಿಷಿಯನ್ ಓಡಿಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದ. "ಅಕ್ಕಾ, ಎಲ್ಲಾ ಫ್ಲ್ಯಾಟ್‌ನಾಗೂ ಹಿಂಗ ಮಾಡಾಕತ್ತಾರ. ನನಗ ಕಲಿಸಿದವ್ರೂ ಹಿಂಗ ಕಲಿಸ್ಯಾರ," ಎಂದ. ಅವನನ್ನು ಬಾಯಿಗೆ ಬಂದ ಹಾಗೆ ಬೈದೆ. ಬೈದು ಬೈದು ಸುಸ್ತಾಗಿ ಅವನ ಪಕ್ಕದಲ್ಲೇ ಕೂತೆ. ಅವನು ಹೇಳಿದ್ದು ನಿಜವಾಗಿತ್ತು. ಆ ಊರಿನಲ್ಲಿ ಆಗ ಏಳುತ್ತಿದ್ದ ಎಷ್ಟು ಗೋಡೆಗಳ ಹಿಂದೆ ಆ ಬೆರಳುದ್ದದ ವೈರು ಕೂತಿತ್ತೋ, ಇಂದಿಗೂ ಕೂತಿದೆಯೋ.

ಮಣ್ಣಿನ ದಿನ ಹಿರಿಯರು ಸಮಾಧಿಯ ಹತ್ತಿರ ನಿಂತು ದೇವರ ಚಿತ್ತ ಎಂದರು. ಅವ್ವ ಸೆರಗು ಜಗ್ಗುವ ಮೊದಲೇ ನಾನು, "ದೇವರ ಚಿತ್ತ ಅಲ್ರಿ ಕಾಕಾ, ವೈರು," ಎಂದೆ. ಅವರು ಕೈಯಲ್ಲಿದ್ದ ಪುಸ್ತಕ ಮುಚ್ಚಿದರು. ಅವರನ್ನು ನಾನು ಕ್ಷಮಿಸಿಲ್ಲ, ದ್ವೇಷಿಸಲೂ ಆಗಿಲ್ಲ. ಕಣ್ಣು ತೆರೀಬ್ಯಾಡ್ರಿ ಎಂದದ್ದು ತಾವೇ ಎಂಬುದು ಅವರಿಗೆ ಗೊತ್ತಿತ್ತು.

ಕೆಲವು ವಾರಗಳ ಮೇಲೆ ಎಲೆಕ್ಟ್ರಿಷಿಯನ್ ಗಿಟಾರನ್ನೂ ಡಬ್ಬಿಯನ್ನೂ ಆಟೋದಲ್ಲಿ ತಂದು ನಮ್ಮ ಬಾಗಿಲಲ್ಲಿ ಇಟ್ಟು, ಒಳಗೆ ಬಾರದೆ ಹೋದ. ನಾನು ಅವನ್ನು ಮಂಚದ ಕೆಳಗೆ ತಳ್ಳಿದೆ. ಅವ್ವ ನೋಡುತ್ತಿದ್ದಳು.

"ಅದನ್ನ ಒಮ್ಮಿ ಹಚ್ಚವ್ವಾ," ಎಂದಳು.

"ಯಾಕ?"

"ಆ ಗುಂಯ್ ಅನ್ನೋದು ಒಂದಿಷ್ಟು ಕೇಳಬೇಕು. ಅಂವ ಕೈ ಮುಗಿದಾಗ ಬರ್ತಿತ್ತಲ್ಲ."

ಎರಡನ್ನೂ ಮಂಚದಡಿಯಿಂದ ಹೊರಗೆಳೆದೆ. ಸಾಕೆಟ್ಟು ಬಿಚ್ಚಿ ಒಳಗೆ ನೋಡಿದೆ. ಅರ್ತಿನ ಹಸಿರು ತಂತಿಯನ್ನು ಗೋಡೆಗುಂಟ ಹಿಂಬಾಲಿಸಿ ಹಿತ್ತಲಿನ ಗುಂಡಿಯ ತನಕ ಹೋಗಿ ಬಂದೆ. ಆಮೇಲೆ ಪ್ಲಗ್ ಹಾಕಿದೆ. ಗಿಟಾರನ್ನು ಚಾದರದ ಮೇಲೆ ಮಲಗಿಸಿ, ದನಿಯನ್ನು ಪೂರ್ತಿ ಏರಿಸಿ, ದೂರ ಸರಿದು ಕೂತೆ. ಯಾರ ಕೈಯೂ ಅದರ ಮೇಲೆ ಇರಲಿಲ್ಲ.

ಸದ್ದು ಬರಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದೆವು ನಾನೂ ತಮ್ಮನೂ. ಅವ್ವ ಡಬ್ಬಿಗೆ ಕಿವಿ ಹಚ್ಚಿ ಬಹಳ ಹೊತ್ತು ಕೂತಿದ್ದಳು. ಅವಳಿಗೆ ಏನೂ ಕೇಳಿಸಲಿಲ್ಲ.